ಬೊಡೋನಿಯ ಅಚ್ಚಿನಕ್ಷರ: ಅಂದವೂ ಔಚಿತ್ಯವೂ

ಗ್ರಂಥವನ್ನು ಓದುವವನು ಸಾಮಾನ್ಯವಾಗಿ ಅಕ್ಷರವನ್ನು ನೋಡುವುದಿಲ್ಲ; ಅಕ್ಷರದ ಮೂಲಕ ಅರ್ಥವನ್ನು ನೋಡುತ್ತಾನೆ. ಅಚ್ಚಿನ ಮೊಳೆಯ ಸೇವೆ ಮರೆಯಲ್ಲಿ ನಡೆಯತಕ್ಕ ಸೇವೆ. ಮೊಳೆ ಚೆನ್ನಾಗಿದ್ದರೆ ಓದುಗನಿಗೆ ಅದರ ನೆನಪೇ ಬಾರದು. ಕೆಟ್ಟಿದ್ದರೆ ಕಣ್ಣು ಎಡವುತ್ತದೆ. ಈ ನಿಯಮಕ್ಕೆ ಹೊರತಾಗಿ, ತಮ್ಮನ್ನೇ ನೋಡುವಂತೆ ಮಾಡಿ, ನೋಡಿದವರಿಂದ ಹೊಗಳಿಕೆಯನ್ನೂ ತೆಗಳಿಕೆಯನ್ನೂ ಪಡೆದ ಅಕ್ಷರಗಳು ಕೆಲವುಂಟು. ಅವುಗಳಲ್ಲಿ ಇಟಲಿಯ ಪಾರ್ಮ ನಗರದಲ್ಲಿ ಜಾಂಬತ್ತಿಸ್ತ ಬೊಡೋನಿಯು ಕೊರೆದ ರೋಮನ್ ಅಕ್ಷರಗಳು ಮುಖ್ಯವಾದುವು. ಬದುಕಿದ್ದಾಗ ಅವನು ಅರಸರ ಮುದ್ರಕ, ಮುದ್ರಕರ ಅರಸ ಎಂದು ಹೆಸರಾಗಿದ್ದನು. ಅವನು ತೀರಿಕೊಂಡು ನೂರು ವರ್ಷವಾಗುವುದರೊಳಗೆ ಇಂಗ್ಲೆಂಡಿನ ವಿಲಿಯಂ ಮಾರಿಸನು ಅದೇ ಅಕ್ಷರಗಳನ್ನು ಮುದ್ರಣಕಲೆಯ ಅವನತಿಗೆ ನಿದರ್ಶನವೆಂದು ಕಟುವಾಗಿ ಖಂಡಿಸಿದನು. ಇಬ್ಬಗೆಯ ಈ ತೀರ್ಪುಗಳಲ್ಲಿ ಯಾವುದು ಸರಿ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಈ ವಿಚಾರವು ಅಚ್ಚುಕೂಟದವರಿಗೆ ಮಾತ್ರ ಸಂಬಂಧಿಸಿದುದಲ್ಲ. ಗ್ರಂಥದ ಹೊರರೂಪಕ್ಕೂ ಅದರ ಪಾಠಕ್ಕೂ ಇರತಕ್ಕ ಸಂಬಂಧವೇನೆಂಬ ಪ್ರಶ್ನೆಯು ಇದರಲ್ಲಿ ಅಡಕವಾಗಿರುವುದರಿಂದ ಸಾಹಿತ್ಯವನ್ನು ಓದಿಸುವವರಿಗೂ ಇದು ಹೊರಗಿನ ವಿಷಯವಾಗಲಾರದು.

೧

ಬೊಡೋನಿಯು ೧೭೪೦ರಲ್ಲಿ ಪೀಡ್‌ಮಾಂಟ್ ಸೀಮೆಯ ಸಲುತ್ಸೊ ಎಂಬ ಊರಿನಲ್ಲಿ ಮುದ್ರಕರ ಮನೆಯಲ್ಲಿ ಹುಟ್ಟಿದನು. ೧೭೫೮ರಲ್ಲಿ ರೋಮಿಗೆ ಹೋಗಿ, ಕ್ರೈಸ್ತಮತ ಪ್ರಸಾರ ಸಂಘವಾದ ಪ್ರೊಪಗಾಂಡ ಫಿದೆಯ ಅಚ್ಚುಕೂಟದಲ್ಲಿ ಕೆಲಸಕ್ಕೆ ಸೇರಿದನು. ದೂರದೇಶಗಳ ಭಾಷೆಗಳಲ್ಲಿ ಗ್ರಂಥಗಳನ್ನು ಅಚ್ಚುಮಾಡುತ್ತಿದ್ದ ಆ ಮುದ್ರಣಾಲಯದಲ್ಲಿ ಪೌರಸ್ತ್ಯ ಲಿಪಿಗಳ ಹಳೆಯ ಉಕ್ಕಿನ ಅಚ್ಚುಗಳು ಅಸ್ತವ್ಯಸ್ತವಾಗಿ ಬಿದ್ದಿದ್ದುವು. ಅವುಗಳನ್ನು ಒಪ್ಪವಾಗಿ ಜೋಡಿಸುವ ಕೆಲಸ ಈ ತರುಣನ ಪಾಲಿಗೆ ಬಂದಿತು. ನಾನಾ ಲಿಪಿಗಳ ಅಚ್ಚುಗಳನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದ ಈ ಅನುಭವವೇ ಅವನ ಮುಂದಿನ ಸಾಧನೆಗೆಲ್ಲ ತಳಹದಿಯಾಯಿತು. ಮುಂದೆ ಇಂಗ್ಲೆಂಡಿಗೆ ಹೋಗಬೇಕೆಂದು ಹೊರಟವನು ಕಾಯಿಲೆಯಿಂದಾಗಿ ಊರಿನಲ್ಲಿಯೇ ಉಳಿಯಬೇಕಾಯಿತು. ೧೭೬೮ರಲ್ಲಿ ಪಾರ್ಮದ ಡ್ಯೂಕ್ ಫರ್ಡಿನಂಡನ ಆಸ್ಥಾನದಿಂದ ಕರೆ ಬಂದಿತು. ಅಲ್ಲಿನ ರಾಜಮುದ್ರಣಾಲಯದ ಅಧಿಕಾರವನ್ನು ವಹಿಸಿಕೊಂಡವನು ೧೮೧೩ರಲ್ಲಿ ಸಾಯುವವರೆಗೂ ಆ ನಗರವನ್ನು ಬಿಡಲಿಲ್ಲ.

ಮೊದಮೊದಲು ಅವನು ಅನುಕರಣಮಾರ್ಗವನ್ನೇ ಹಿಡಿದನು. ಪ್ಯಾರಿಸಿನ ಫೂರ್ನಿಯೆ ಎಂಬ ಅಕ್ಷರಶಿಲ್ಪಿಯ ಮೊಳೆಗಳನ್ನು ತರಿಸಿ ಬಳಸಿದನು. ೧೭೭೧ರಲ್ಲಿ ಹೊರತಂದ ಮಾದರಿಯ ಪುಸ್ತಕದಲ್ಲಿ ಹೂಬಳ್ಳಿಯ ಅಂಚುಗಳೂ ದೊಡ್ಡಕ್ಷರಗಳೂ ಫೂರ್ನಿಯೆಯ ಹಾದಿಯಲ್ಲಿಯೇ ನಡೆದಿವೆ. ಕಾಲಕ್ರಮದಲ್ಲಿ ಹೂಬಳ್ಳಿಗಳು ಒಂದೊಂದಾಗಿ ಉದುರಿಹೋದುವು. ೧೭೯೦ರ ಈಚೆಗೆ ಅವನು ಅಚ್ಚುಮಾಡಿದ ಹೊರೇಸ್, ವರ್ಜಿಲ್, ತಾಸ್ಸೊ, ದಾಂತೆ ಮುಂತಾದವರ ಕೃತಿಗಳ ಶೀರ್ಷಿಕೆಪುಟದಲ್ಲಿ ಉಳಿದುದು ಎರಡೇ ವಸ್ತು: ಅಕ್ಷರ ಮತ್ತು ಅದರ ಸುತ್ತಲಿನ ಬಿಳುಪು. ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವರು ಬಲ್ಲ ಹೊರೇಸ್ ವಾಲ್‌ಪೋಲನ 'ಕ್ಯಾಸಲ್ ಆಫ್ ಒಟ್ರಾಂಟೊ' ಎಂಬ ಕಥೆಯ ಒಂದು ಮುದ್ರಣವೂ ಲಂಡನ್ನಿನ ಪುಸ್ತಕವ್ಯಾಪಾರಿಯೊಬ್ಬನಿಗಾಗಿ ೧೭೯೧ರಲ್ಲಿ ಇವನ ಕೈಯಿಂದಲೇ ಹೊರಟಿತು.

೨

ಈ ಅಕ್ಷರದ ರೂಪವೆಂತಹುದು? ರೋಮನ್ ಲಿಪಿಯ ಅಚ್ಚಿನಕ್ಷರಗಳು ಹದಿನೈದನೆಯ ಶತಮಾನದಲ್ಲಿ ಅಗಲಬಾಯಿಯ ಲೇಖನಿಯ ಬರವಣಿಗೆಯನ್ನು ಅನುಸರಿಸಿ ಹುಟ್ಟಿದುವು. ಆ ಲೇಖನಿಯನ್ನು ಓರೆಯಾಗಿ ಹಿಡಿಯುವುದರಿಂದ ಗೆರೆ ದಪ್ಪದಿಂದ ತೆಳುವಿಗೆ ಮೆಲ್ಲಮೆಲ್ಲನೆ ಇಳಿಯುತ್ತದೆ. ದುಂಡಕ್ಷರಗಳ ಭಾರ ಒಂದು ಪಕ್ಕಕ್ಕೆ ವಾಲಿರುತ್ತದೆ. ಗೆರೆಯ ಕೊನೆಯಲ್ಲಿ ಸೆರಿಫ್ ಎಂದು ಕರೆಯಲ್ಪಡುವ ಅಡ್ಡಗೆರೆಯು ಕಂಬದ ಬುಡದಿಂದ ಬೇರು ಹೊರಟಂತೆ ಬಾಗಿ ಹೊರಡುತ್ತದೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಗಾಗಿ ಸಿದ್ಧವಾಗಿ ೧೭೦೨ರಲ್ಲಿ ಬಳಕೆಗೆ ಬಂದ ರಾಜಾಕ್ಷರಗಳಲ್ಲಿ ಈ ಲೇಖನಿಯ ಗುರುತು ಅಳಿಸಲಾರಂಭಿಸಿತು. ಬರ್ಮಿಂಗ್‌ಹ್ಯಾಮಿನ ಜಾನ್ ಬ್ಯಾಸ್ಕರ್ವಿಲ್ಲನು ೧೭೫೭ರಲ್ಲಿ ಅಚ್ಚುಮಾಡಿದ ವರ್ಜಿಲ್ ಗ್ರಂಥದಲ್ಲಿ ಗೆರೆಗಳ ಅಂತರ ಇನ್ನೂ ಹೆಚ್ಚಿತು. ಪ್ಯಾರಿಸಿನಲ್ಲಿ ಫರ್ಮಿನ್ ದಿದೋ ೧೭೮೪ರ ಸುಮಾರಿಗೆ ಇದನ್ನು ಕೊನೆಯ ಮೆಟ್ಟಿಲಿಗೆ ಒಯ್ದನು. ಬೊಡೋನಿಯು ಈ ಸಾಲಿನಲ್ಲಿ ನಿಲ್ಲತಕ್ಕವನು. ಮೊದಲಿಗನಲ್ಲ, ಆದರೆ ಪರಾಕಾಷ್ಠೆಯನ್ನು ಮುಟ್ಟಿದವರಲ್ಲಿ ಒಬ್ಬನು.

ಅವನ ಅಕ್ಷರದಲ್ಲಿ ನಿಂತ ಗೆರೆ ಕಂಬದಂತೆ ದಪ್ಪ, ಅಡ್ಡಗೆರೆ ಕೂದಲೆಳೆಯಂತೆ ತೆಳು. ಇವೆರಡರ ನಡುವೆ ಸಂಧಿಯ ಇಳಿಜಾರು ಬಹು ಸ್ವಲ್ಪ. ದುಂಡಕ್ಷರದ ಭಾರ ಎಡಬಲಗಳಲ್ಲಿ ಸಮನಾಗಿ ನಿಂತು ಅದರ ಅಕ್ಷವು ನೆಟ್ಟಗಾಗಿದೆ. ಸೆರಿಫ್ ಬೇರಿನಂತೆ ಬಾಗದೆ, ಕಂಬದ ಕೆಳಗೆ ಇಟ್ಟ ತೆಳುಹಲಗೆಯಂತೆ ಕೂಡಿದೆ. ಆದರೂ ಪಾರ್ಮದಲ್ಲಿ ಉಳಿದುಬಂದ ಮೂಲದ ಅಚ್ಚುಗಳನ್ನು ಪರೀಕ್ಷಿಸಿದವರು ಒಂದು ಸೂಕ್ಷ್ಮವನ್ನು ಕಂಡಿದ್ದಾರೆ: ಆ ಹಲಗೆ ಅಳತೆಗೋಲಿನಿಂದ ಎಳೆದಂತೆ ಸಪಾಟಾಗಿಲ್ಲ, ಸ್ವಲ್ಪ ಒಳಬಾಗಿದೆ, ಮೂಲೆಗಳೂ ತುಸು ಮೃದುವಾಗಿವೆ. ರೇಖಾಗಣಿತದಂತೆ ಕಾಣುವ ರೂಪದಲ್ಲಿ ಕೈಯ ಜೀವ ಉಳಿದಿದೆ. ದಿದೋವಿನ ಅಕ್ಷರಕ್ಕಿಂತ ಬೊಡೋನಿಯ ಅಕ್ಷರ ಕೊಂಚ ಬೆಚ್ಚಗೆ ತೋರುವುದಕ್ಕೆ ಇದೇ ಕಾರಣ.

ಕನ್ನಡ ವಾಚಕರಿಗೆ ಸೆರಿಫ್ ಎಂದೊಡನೆ ತಲಕಟ್ಟಿನ ನೆನಪು ಬರಬಹುದು. ಎರಡೂ ಅಕ್ಷರದ ಕೊನೆಯನ್ನು ಮುಗಿಸುವ ಗೆರೆಗಳೆಂಬುದು ನಿಜ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ತಲಕಟ್ಟು ವ್ಯಂಜನದಲ್ಲಿರುವ ಅಕಾರವನ್ನು ಸೂಚಿಸುತ್ತದೆ. ಗುಡಿಸು ಬಂದಾಗ ಅದು ಸರಿದು ಎಡೆಗೊಡುತ್ತದೆ. ಅದು ಬರಿಯ ಒಡವೆಯಲ್ಲ, ಧ್ವನಿಯ ಗುರುತು. ಸೆರಿಫ್ ಯಾವ ಧ್ವನಿಯನ್ನೂ ಹೊರುವುದಿಲ್ಲ. ಅದನ್ನು ಕಿತ್ತುಹಾಕಿದರೂ ಅಕ್ಷರ ಅದೇ ಅಕ್ಷರವಾಗಿ ಉಳಿಯುತ್ತದೆ. ಸಾಲಿನ ಮಟ್ಟವನ್ನು ಕಣ್ಣಿಗೆ ಹಿಡಿದುಕೊಡುವುದೂ ಅಕ್ಷರಗಳನ್ನು ಒಂದಕ್ಕೊಂದು ಹೊಂದಿಸುವುದೂ ಅದರ ಕೆಲಸ. ಅರ್ಥಕ್ಕೆ ಅನಿವಾರ್ಯವಲ್ಲದ ಅಂಗವಾದುದರಿಂದಲೇ ಅದನ್ನು ಕೂದಲೆಳೆಯಷ್ಟು ಸಣ್ಣದಾಗಿಸುವ ಧೈರ್ಯ ಪಾಶ್ಚಾತ್ಯ ಶಿಲ್ಪಿಗೆ ಒದಗಿತು.

೩

ಧೈರ್ಯವೆಂದು ಹೇಳಿದುದು ಅತಿಶಯೋಕ್ತಿಯಲ್ಲ. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೊರೆಯಬೇಕು; ಅದನ್ನು ತಾಮ್ರದ ತುಂಡಿನಲ್ಲಿ ಹೊಡೆದು ಮಾತೃಕೆಯನ್ನು ಪಡೆಯಬೇಕು; ಮಾತೃಕೆಯನ್ನು ಅಚ್ಚಿನೆರಕದಲ್ಲಿ ಕೂರಿಸಿ ಸೀಸ, ಆಂಟಿಮನಿ, ತವರಗಳ ಮಿಶ್ರಲೋಹವನ್ನು ಹುಯ್ದು ಮೊಳೆಯನ್ನು ತೆಗೆಯಬೇಕು. ಸೀಸದ ಮೊಳೆಯಲ್ಲಿ ಕೂದಲೆಳೆಯ ಗೆರೆ ಬಹುಕಾಲ ಬಾಳುವುದು ಕಷ್ಟ. ಒತ್ತುವಾಗ ಮುರಿಯುತ್ತದೆ, ಸವೆಯುತ್ತದೆ. ಒರಟು ಕಾಗದದ ಮೇಲೆ ಒತ್ತಿದರೆ ಗೆರೆ ಅಲ್ಲಲ್ಲಿ ಹರಿದುಹೋಗುತ್ತದೆ. ಮಸಿ ಹೆಚ್ಚಾದರೆ ಕೆಸರಾಗುತ್ತದೆ. ಆದುದರಿಂದ ಈ ಅಕ್ಷರವು ನುಣುಪಾದ ಕಾಗದವನ್ನೂ ಗಾಢವಾದ ಮಸಿಯನ್ನೂ ಹದವರಿತ ಒತ್ತುಗಾರನನ್ನೂ ಒಟ್ಟಿಗೆ ಬೇಡುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಅದರ ಸೊಬಗು ಕೆಡುತ್ತದೆ. ರಾಜಾಶ್ರಯವಿದ್ದ ಮುದ್ರಣಾಲಯದಲ್ಲಿ ಇವೆಲ್ಲವೂ ದೊರೆತುವು. ಬಡ ಅಚ್ಚುಕೂಟದಲ್ಲಿ ಹುಟ್ಟಬಹುದಾದ ಅಕ್ಷರ ಇದಲ್ಲ.

ಅವನ ಜೀವಮಾನದ ಕೆಲಸದ ಸಂಗ್ರಹವೇ 'ಮಾನ್ವಾಲೆ ತಿಪೋಗ್ರಾಫಿಕೊ' ಎಂಬ ಅಕ್ಷರಮಾದರಿಗಳ ಗ್ರಂಥ. ಇದರ ಮೊದಲ ರೂಪ ೧೭೮೮ರಲ್ಲಿ ಹೊರಬಂದಿತು. ಬಹುವಾಗಿ ಬೆಳೆದ ಎರಡು ಸಂಪುಟಗಳ ರೂಪವನ್ನು, ಅವನು ತೀರಿಕೊಂಡ ಐದು ವರ್ಷಗಳ ಮೇಲೆ, ೧೮೧೮ರಲ್ಲಿ ಅವನ ಪತ್ನಿ ಮಾರ್ಗರೀತ ದಾಲಾಲ್ಯೊ ಪ್ರಕಟಿಸಿದಳು. ಅಚ್ಚಾದ ಪ್ರತಿಗಳು ೨೫೦. ಅದರಲ್ಲಿ ರೋಮನ್ ಅಕ್ಷರಮಾಲೆಗಳೇ ೧೪೨ ಇವೆ. ಗ್ರೀಕ್ ಮತ್ತು ಪೌರಸ್ತ್ಯ ಲಿಪಿಗಳು ಬೇರೆ. ಪೀಠಿಕೆಯಲ್ಲಿ ಅವನು ಅಕ್ಷರದ ಚೆಲುವಿಗೆ ನಾಲ್ಕು ಗುಣಗಳು ಬೇಕೆನ್ನುತ್ತಾನೆ: ಕ್ರಮಬದ್ಧತೆ, ನಯವಾದ ಸ್ಫುಟತೆ, ಸದಭಿರುಚಿ, ಲಾವಣ್ಯ. ಭಾರತೀಯ ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಈ ಗುಣವಿಂಗಡಣೆ ಅಪರಿಚಿತವೆನಿಸದು. ಮೊದಲ ಎರಡು ಗುಣಗಳನ್ನು ಅಳತೆಯಿಂದ ಸಾಧಿಸಬಹುದು. ಮೂರನೆಯದು ಸಂಸ್ಕಾರದಿಂದ ಬರತಕ್ಕದ್ದು. ನಾಲ್ಕನೆಯದನ್ನು ಅಳತೆಯೂ ಕೊಡಲಾರದು, ಸಂಸ್ಕಾರವೂ ಪೂರ್ತಿಯಾಗಿ ಕೊಡಲಾರದು. ಅಕ್ಷರವು ಆತುರದಿಂದಲ್ಲ, ಪ್ರೀತಿಯಿಂದ ಬರೆದಂತೆ ಕಾಣಬೇಕೆಂಬುದು ಅವನ ಆಶಯ.

ಈ ಗ್ರಂಥದಲ್ಲಿ ವಿಮರ್ಶಕನು ಮುಖ್ಯವಾಗಿ ಗಮನಿಸಬೇಕಾದುದು ಅಳತೆಗಳ ಶ್ರೇಣಿ. ಅತಿ ಚಿಕ್ಕ ಅಳತೆಗೆ ಪಾರ್ಮದ ಹೆಸರಿನಿಂದ 'ಪಾರ್ಮಿಜಾನೀನ' ಎಂದೂ ಅತಿ ದೊಡ್ಡದಕ್ಕೆ ಪೋಪನ ಹೆಸರಿನಿಂದ 'ಪಾಪಾಲೆ' ಎಂದೂ ಹೆಸರು. ನಡುವೆ ಒಂದರ ಹಿಂದೊಂದು ಹಲವು ಅಳತೆಗಳು. ಒಂದೊಂದು ಅಳತೆಯಲ್ಲಿಯೂ ತುಸು ದಪ್ಪ, ತುಸು ತೆಳು, ತುಸು ಅಗಲ ಎಂಬ ಪ್ರಭೇದಗಳು. ಪ್ರತಿಯೊಂದು ಅಳತೆಯನ್ನೂ ಬೇರೆಯಾಗಿ ಉಕ್ಕಿನಲ್ಲಿ ಕೊರೆದುದರಿಂದ ಚಿಕ್ಕ ಅಕ್ಷರವು ದೊಡ್ಡ ಅಕ್ಷರದ ಕುಗ್ಗಿಸಿದ ಪಡಿನೆಳಲಲ್ಲ. ಚಿಕ್ಕದರಲ್ಲಿ ತೆಳುಗೆರೆ ಅಷ್ಟೊಂದು ತೆಳುವಲ್ಲ, ಅಕ್ಷರದ ಒಳಬಯಲು ಹೆಚ್ಚು ಅಗಲ, ಎಡೆಯೂ ಹೆಚ್ಚು. ದೊಡ್ಡದರಲ್ಲಿ ಮಾತ್ರ ದಪ್ಪ ತೆಳುಗಳ ವೈಷಮ್ಯ ತುತ್ತತುದಿಗೆ ಏರುತ್ತದೆ. 'ಬೊಡೋನಿಯ ಅಕ್ಷರ' ಎಂದು ಏಕವಚನದಲ್ಲಿ ಹೇಳುವುದೇ ಹಾಗಾಗಿ ಅರ್ಧಸತ್ಯ. ಅದು ಒಂದು ಕುಟುಂಬ. ಅದರಲ್ಲಿ ಓದುವುದಕ್ಕಾಗಿ ಇರುವವರೂ ನೋಡುವುದಕ್ಕಾಗಿ ಇರುವವರೂ ಬೇರೆ ಬೇರೆ.

೪

ಇನ್ನು ಪೂರ್ವಪಕ್ಷವನ್ನು ವಿಚಾರಿಸಬಹುದು. ಬೊಡೋನಿಯ ಮೇಲೆ ಬಂದಿರುವ ಆಕ್ಷೇಪಣೆಗಳು ಮುಖ್ಯವಾಗಿ ಎರಡು.

ಮೊದಲನೆಯದು ಕಣ್ಣಿಗೆ ಸಂಬಂಧಿಸಿದುದು. ದಪ್ಪವಾದ ನಿಲುಗೆರೆಗಳು ಒಂದರ ಪಕ್ಕದಲ್ಲಿ ಒಂದು ಬೇಲಿಯ ಗೂಟಗಳಂತೆ ನಿಂತು, ಅವುಗಳನ್ನು ಕೂಡಿಸುವ ತೆಳುಗೆರೆಗಳು ಕಣ್ಣಿಗೆ ಜಾರಿಹೋಗುತ್ತವೆ. ಆಗ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಇರುವ ಭೇದ ಕುಂದುತ್ತದೆ, ಪುಟ ಮಿಣುಕುತ್ತದೆ, ಬಹಳ ಹೊತ್ತು ಓದಿದರೆ ಕಣ್ಣು ದಣಿಯುತ್ತದೆ. ಕಾವ್ಯಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಓಜಸ್ಸು ಉಂಟು, ಕಾಂತಿ ಉಂಟು, ಆದರೆ ಪ್ರಸಾದಗುಣಕ್ಕೆ ಕುಂದು. ಒಣಸೌದೆಯಲ್ಲಿ ಬೆಂಕಿ ವ್ಯಾಪಿಸಿದಂತೆ ಅರ್ಥವು ಮನಸ್ಸಿಗೆ ಹರಡಬೇಕೆಂಬುದು ಪ್ರಸಾದಗುಣದ ಲಕ್ಷಣ. ಓದುಗನ ಕಣ್ಣು ಅಕ್ಷರದ ಮೆರುಗಿನಲ್ಲಿಯೇ ತಡೆದು ನಿಂತರೆ ಬೆಂಕಿ ಹೊತ್ತಿಕೊಳ್ಳುವ ಬಗೆ ಹೇಗೆ? ಮಾರಿಸನ ಖಂಡನೆಯ ಸಾರವೂ ಹೆಚ್ಚುಕಡಿಮೆ ಇದೇ. ೧೮೯೧ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ತೆರೆದ ಅವನು ಹದಿನೈದನೆಯ ಶತಮಾನದ ವೆನಿಸ್ಸಿನ ನಿಕೊಲಾಸ್ ಜೆನ್ಸನ್ನನ ಅಕ್ಷರವನ್ನು ಆದರ್ಶವಾಗಿ ಹಿಡಿದನು. ೧೮೯೩ರಲ್ಲಿ ಎಮರಿ ವಾಕರನೊಡನೆ ಬರೆದ ಪ್ರಬಂಧದಲ್ಲಿ ಬೊಡೋನಿಯ ಸಂಪ್ರದಾಯವನ್ನು ಕಟುವಾಗಿ ತೆಗಳಿದನು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗುರುತರವಾದುದು. ಬೊಡೋನಿಯ ಗ್ರಂಥಗಳು ವಿಶಾಲವಾದ ಅಂಚು, ಸಾಲುಗಳ ನಡುವೆ ಧಾರಾಳವಾದ ಎಡೆ, ಭಾರಿ ಆಕಾರ ಇವುಗಳಿಂದ ರಾಜರಿಗೆ ಕಾಣಿಕೆ ಕೊಡತಕ್ಕ ವಸ್ತುಗಳಾದುವು. ೧೮೦೮ರ ಗ್ರೀಕ್ 'ಇಲಿಯಡ್' ನೆಪೋಲಿಯನ್ ಚಕ್ರವರ್ತಿಗೆ ಅರ್ಪಿತವಾಯಿತು. ೧೮೦೬ರಲ್ಲಿ ಕ್ರೈಸ್ತರ ಒಂದೇ ಪ್ರಾರ್ಥನೆಯನ್ನು ೧೫೫ ಭಾಷೆಗಳಲ್ಲಿ ಅಚ್ಚುಮಾಡಿದ ಗ್ರಂಥವು ಓದುವುದಕ್ಕಿಂತ ಹೆಚ್ಚಾಗಿ ಲಿಪಿಗಳ ಮೆರವಣಿಗೆ. ಆದರೆ ಪಾಠಶುದ್ಧಿಯಲ್ಲಿ ಅಷ್ಟೇ ಶ್ರದ್ಧೆ ಕಾಣಲಿಲ್ಲ. ಅವನ ಲ್ಯಾಟಿನ್ ಮುದ್ರಣಗಳಲ್ಲಿನ ತಪ್ಪುಗಳನ್ನು ಪ್ಯಾರಿಸಿನ ದಿದೋ ಮನೆತನದವರು ಎತ್ತಿ ಆಡಿದರು. ಅವರು ಸ್ಪರ್ಧಿಗಳಾದುದರಿಂದ ಮಾತಿನಲ್ಲಿ ಮತ್ಸರವೂ ಬೆರೆತಿರಬಹುದು. ಆದರೂ ಆಕ್ಷೇಪಣೆಯ ತಿರುಳನ್ನು ತಳ್ಳಿಹಾಕುವಂತಿಲ್ಲ. ಹಸ್ತಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ನಿರ್ಣಯಿಸುವುದಕ್ಕೆ ವಿದ್ವಾಂಸರು ವರ್ಷಗಟ್ಟಲೆ ಶ್ರಮಿಸುತ್ತಾರೆ. ಆ ಪಾಠವನ್ನು ತಪ್ಪಿಲ್ಲದಂತೆ ತಲಪಿಸುವುದು ಮುದ್ರಕನ ಮೊದಲ ಧರ್ಮ. ಚೆಲುವಾಗಿ ತಲಪಿಸುವುದು ಎರಡನೆಯದು. ಚಿನ್ನದ ತಟ್ಟೆಯಲ್ಲಿ ಬಡಿಸಿದ ಮಾತ್ರಕ್ಕೆ ಅನ್ನದಲ್ಲಿರುವ ಕಲ್ಲು ಕರಗುವುದಿಲ್ಲ.

೫

ಈ ಎರಡು ಆಕ್ಷೇಪಣೆಗಳಲ್ಲಿ ಎರಡನೆಯದನ್ನು ಒಪ್ಪಲೇಬೇಕು. ಆದರೆ ಅದು ಮುದ್ರಕನ ದೋಷ, ಅಕ್ಷರದ ದೋಷವಲ್ಲ. ಮೊದಲನೆಯದರಲ್ಲಿ ಸತ್ಯಾಂಶವಿದ್ದರೂ ಅದು ಪೂರ್ತಿಯಾಗಿ ಬೊಡೋನಿಗೆ ತಗಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಮೊಳೆ ಎರೆಯುವವರು ಈ ಮಾದರಿಯ ಕಂಬಗಳನ್ನು ಊದಿಸಿ, ಗೋಡೆಯ ಜಾಹೀರಾತುಗಳಿಗಾಗಿ ಬೊಜ್ಜು ಬಂದ ಅಕ್ಷರಗಳನ್ನು ಮಾಡಿದರು. ಇನ್ನೊಂದು ಕಡೆ ಅಗ್ಗದ ಪುಸ್ತಕಗಳಿಗೆ ಇದೇ ಜಾತಿಯ ಬಡಕಲು ಅಕ್ಷರಗಳನ್ನು ಕೆಟ್ಟ ಕಾಗದದ ಮೇಲೆ ಬೂದುಬಣ್ಣದ ಮಸಿಯಿಂದ ಒತ್ತಿದರು. ಮಾರಿಸನು ತನ್ನ ಸುತ್ತಮುತ್ತ ಕಂಡುದು ಈ ಸಂತತಿಯನ್ನು. ಶಾಪವನ್ನು ಮಾತ್ರ ಪಿತಾಮಹನಿಗೆ ಕೊಟ್ಟನು.

ಇದಕ್ಕೆ ಪ್ರತ್ಯಕ್ಷಪ್ರಮಾಣವೂ ಉಂಟು. ಹಾನ್ಸ್ ಮಾರ್ಡರ್‌ಸ್ಟೈಗ್ ಎಂಬ ಜರ್ಮನ್ ಮುದ್ರಕನು ೧೯೨೨ರಲ್ಲಿ ಸ್ವಿಟ್ಜರ್ಲೆಂಡಿನ ಮೊಂತಾನ್ಯೋಲದಲ್ಲಿ 'ಒಫಿಚೀನ ಬೊಡೋನಿ' ಎಂಬ ಕೈಮುದ್ರಣಾಲಯವನ್ನು ಸ್ಥಾಪಿಸಿ, ಪಾರ್ಮದಲ್ಲಿದ್ದ ಮೂಲ ಮಾತೃಕೆಗಳಿಂದಲೇ ಮೊಳೆಗಳನ್ನು ಎರೆಸಿಕೊಳ್ಳಲು ಅನುಮತಿ ಪಡೆದನು. ಆ ಮೊಳೆಗಳಿಂದ ಅವನು ಅಚ್ಚುಮಾಡಿದ ಪುಸ್ತಕಗಳು ಸುಖವಾಗಿ ಓದಿಸಿಕೊಂಡು ಹೋಗುತ್ತವೆ, ಮಿಣುಕಿಲ್ಲ, ದಣಿವಿಲ್ಲ. ಬೊಡೋನಿಯು ಓದುವುದಕ್ಕೆಂದು ಕೊರೆದ ಅಳತೆಯನ್ನು ಓದುವುದಕ್ಕೇ ಬಳಸಿದುದು ಇದರ ರಹಸ್ಯ. ೧೯೨೭ರಲ್ಲಿ ಈ ಮುದ್ರಣಾಲಯವು ಇಟಲಿಯ ವೆರೋನಕ್ಕೆ ಬಂದು, ೧೯೩೬ರೊಳಗಾಗಿ ದನ್ನುನ್ಸಿಯೊ ಕವಿಯ ಸಮಗ್ರ ಕೃತಿಗಳನ್ನು ೪೯ ಸಂಪುಟಗಳಲ್ಲಿ ಮುಗಿಸಿತು.

ಇದಕ್ಕೆ ಎದುರಾಗಿ ನಿಲ್ಲುವುದು ಯಂತ್ರದ ದಾರಿ. ಅಮೆರಿಕದ ಲಿನ್ ಬಾಯ್ಡ್ ಬೆಂಟನ್ ೧೮೮೫ರಲ್ಲಿ ಅಕ್ಷರ ಕೊರೆಯುವ ಯಂತ್ರವನ್ನು ಕಂಡುಹಿಡಿದ ಮೇಲೆ ಒಂದೇ ನಕ್ಷೆಯಿಂದ ಬೇಕಾದ ಅಳತೆಗಳನ್ನೆಲ್ಲ ತೆಗೆಯುವುದು ಸಾಧ್ಯವಾಯಿತು. ಅವನ ಮಗ ಮಾರಿಸ್ ಫುಲ್ಲರ್ ಬೆಂಟನ್ ೧೯೧೦ರ ಸುಮಾರಿಗೆ ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗಾಗಿ ರಚಿಸಿದ ಬೊಡೋನಿ ಅಕ್ಷರವು ವೃತ್ತಪತ್ರಿಕೆಗಳ ತಲೆಬರಹಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಬಹುವಾಗಿ ಹರಡಿತು. ಮುಂದೆ ಛಾಯಾಗ್ರಹಣದಿಂದಲೂ ಗಣಕದಿಂದಲೂ ಅಕ್ಷರ ಮೂಡಿಸುವ ಕಾಲ ಬಂದಾಗ ಒಂದೇ ರೂಪವನ್ನು ಹಿಗ್ಗಿಸಿ ಕುಗ್ಗಿಸುವುದು ರೂಢಿಯೇ ಆಯಿತು. ದೊಡ್ಡ ಅಳತೆಯ ಕೂದಲೆಳೆ ಚಿಕ್ಕ ಅಳತೆಯಲ್ಲಿ ಅಳಿಸಿಹೋಗುವುದು. ಚಿಕ್ಕ ಅಳತೆಯ ಗೆರೆ ದೊಡ್ಡ ಅಳತೆಯಲ್ಲಿ ಮೊದ್ದಾಗುವುದು. ಈ ತಪ್ಪನ್ನು ಕಂಡುಕೊಂಡ ಸಮ್ನರ್ ಸ್ಟೋನ್ ಮತ್ತು ಅವನ ಸಹೋದ್ಯೋಗಿಗಳು ಪಾರ್ಮಕ್ಕೆ ಹೋಗಿ ಮೂಲದ ಅಚ್ಚುಗಳನ್ನು ನೋಡಿ, ೧೯೯೪ರಲ್ಲಿ ೬, ೧೨, ೭೨ ಪಾಯಿಂಟಿನ ಅಳತೆಗಳಿಗೆ ಮೂರು ಬೇರೆ ಬೇರೆ ರೂಪಗಳನ್ನು ಪ್ರಕಟಿಸಿದರು. ಇನ್ನೂರು ವರ್ಷಗಳ ಹಿಂದೆ ಕೈಗೆ ತಿಳಿದಿದ್ದುದನ್ನು ಯಂತ್ರಕ್ಕೆ ಮತ್ತೆ ಕಲಿಸಬೇಕಾಯಿತು.

ಪ್ರದರ್ಶನಕ್ಕಾಗಿ ಬಳಸುವಾಗ ಈ ಕುಲದ ಅಕ್ಷರಗಳ ಸಾಮರ್ಥ್ಯವೇನೆಂಬುದನ್ನು ಇಪ್ಪತ್ತನೆಯ ಶತಮಾನದ ಪತ್ರಿಕೆಗಳು ತೋರಿಸಿವೆ. ೧೯೩೪ರಿಂದ ೧೯೫೮ರವರೆಗೆ ಅಮೆರಿಕದ 'ಹಾರ್ಪರ್ಸ್ ಬಜಾರ್' ಪತ್ರಿಕೆಯ ಕಲಾನಿರ್ದೇಶಕನಾಗಿದ್ದ ಅಲೆಕ್ಸೀ ಬ್ರೊಡೊವಿಚ್ ಬೊಡೋನಿ ಮತ್ತು ದಿದೋ ಜಾತಿಯ ದೊಡ್ಡ ಅಕ್ಷರಗಳನ್ನು ಬಿಳಿಯ ಬಯಲಿನಲ್ಲಿ ಚಿತ್ರದಂತೆ ನಿಲ್ಲಿಸಿದನು. ಉಡುಗೆತೊಡುಗೆಯ ಲೋಕವು ಈ ಅಕ್ಷರಗಳನ್ನು ಅಂದಿನಿಂದ ಬಿಟ್ಟಿಲ್ಲ. ಸುಗಂಧದ್ರವ್ಯ, ರೇಷ್ಮೆ, ಒಡವೆ ಇವುಗಳ ಹೆಸರುಗಳಿಗೆ ಅವೇ ಸಹಜವೆಂಬ ಭಾವನೆ ನೆಲೆಯೂರಿತು. ಪಾರ್ಮದವನೇ ಆದ ಫ್ರಾಂಕೊ ಮರಿಯ ರಿಚ್ಚಿಯು ೧೯೮೨ರಲ್ಲಿ ತೊಡಗಿದ ಕಲಾಪತ್ರಿಕೆಯಲ್ಲಿ ಇದಕ್ಕಿಂತ ಘನವಾದ ಬಳಕೆ ಕಾಣುತ್ತದೆ: ಅಲ್ಲಿ ಕಪ್ಪು ಹಿನ್ನೆಲೆಯ ಚಿತ್ರಗಳ ಜೊತೆಗೆ ಬೊಡೋನಿಯ ಅಕ್ಷರವು ಮಾರಾಟಗಾರನಾಗಿ ಅಲ್ಲ, ಆತಿಥೇಯನಾಗಿ ನಿಲ್ಲುತ್ತದೆ. ಒಂದೆರಡು ಪದಗಳು ಮಾತ್ರ ಇರುವೆಡೆ ಓದಿನ ಶ್ರಮದ ಪ್ರಶ್ನೆಯೇ ಇಲ್ಲ. ಕಣ್ಣು ಅಕ್ಷರದಲ್ಲಿ ನಿಲ್ಲುವುದೇ ಅಲ್ಲಿ ಬೇಕಾದುದು. ಪುಟದೊಳಗೆ ದೋಷವೆನಿಸಿದುದು ಶೀರ್ಷಿಕೆಯಲ್ಲಿ ಗುಣವಾಗುತ್ತದೆ. ಆದರೆ ಅತಿಬಳಕೆಯಿಂದ ಒಂದು ಹಾನಿಯೂ ಉಂಟು. ಸಿರಿಯ ಗುರುತಾಗಿಯೇ ನಿಂತ ಅಕ್ಷರ ಬೇರೆ ಭಾವವನ್ನು ಹೇಳುವ ಶಕ್ತಿಯನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ದಾಂತೆಯ ಮಹಾಕಾವ್ಯವನ್ನು ಹೊತ್ತ ಅಕ್ಷರವನ್ನು ನೋಡಿದೊಡನೆ ಅತ್ತರಿನ ಸೀಸೆ ನೆನಪಾಗುವಂತಾದುದು ಈ ಹಾನಿಗೆ ನಿದರ್ಶನ.

೬

ಕನ್ನಡದ ಅಕ್ಷರಶಿಲ್ಪಕ್ಕೆ ಇದರಿಂದ ತಿಳಿಯತಕ್ಕ ಪಾಠವುಂಟೆ? ಬೊಡೋನಿಯ ಮಹಾಗ್ರಂಥವು ಹೊರಬರುವುದಕ್ಕೆ ಒಂದು ವರ್ಷ ಮೊದಲು, ೧೮೧೭ರಲ್ಲಿ, ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾಯಿತು. ಅಲ್ಲಿ ಲೋಹದ ಅಕ್ಷರವು ತನ್ನ ಶೃಂಗಾರದ ಶಿಖರದಲ್ಲಿದ್ದಾಗ ಇಲ್ಲಿ ಅದು ಇನ್ನೂ ತೊಟ್ಟಿಲಿನಲ್ಲಿತ್ತು. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಕನ್ನಡ ಬರವಣಿಗೆಯಲ್ಲಿ ಗೆರೆಯ ದಪ್ಪ ಬಹುಮಟ್ಟಿಗೆ ಒಂದೇ ಆಗಿರುತ್ತದೆ; ದಪ್ಪ ತೆಳುಗಳ ಏರಿಳಿತ ಲೇಖನಿಯಿಂದ ಬಂದುದು. ಆದುದರಿಂದ ಬೊಡೋನಿಯ ತೀವ್ರವೈಷಮ್ಯವನ್ನು ದುಂಡಾದ ಕನ್ನಡ ಲಿಪಿಗೆ ಹಾಗೆಯೇ ಹೊದಿಸಹೊರಟರೆ ಅದು ಎರವಲು ಉಡುಪಾದೀತು. ತಲಕಟ್ಟನ್ನು ಕೂದಲೆಳೆಯಾಗಿಸುವುದು ಒಡವೆಯನ್ನು ತೆಳುವಾಗಿಸಿದಂತಲ್ಲ, ಸ್ವರಸೂಚನೆಯನ್ನೇ ಮಾಸಲುಮಾಡಿದಂತೆ.

ರೂಪಕ್ಕಿಂತ ಅನುಕರಣೀಯವಾದುದು ಅವನ ಪದ್ಧತಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕ ಅಳತೆಯಲ್ಲಿ ನಿಲ್ಲತಕ್ಕವು. ದೊಡ್ಡ ಅಕ್ಷರವನ್ನು ಕುಗ್ಗಿಸಿ ಒತ್ತಾಗಿ ಇಟ್ಟರೆ ಅದರ ಗೆರೆ ಮೇಲಿನ ಅಕ್ಷರದ ಗೆರೆಗಿಂತ ಬಡವಾಗಿ, ಸಂಯುಕ್ತಾಕ್ಷರವು ಮೇಲೆ ಭಾರ, ಕೆಳಗೆ ಹಗುರವಾಗಿ ಕಾಣುತ್ತದೆ. ಅದನ್ನು ಅದರ ಅಳತೆಗೆ ತಕ್ಕಂತೆ ಪ್ರತ್ಯೇಕವಾಗಿ ರೂಪಿಸಬೇಕು. ಹಳಗನ್ನಡ ಪದ್ಯಗಳ ಮೂಲಕ್ಕೂ ಅಡಿಟಿಪ್ಪಣಿಯ ಪಾಠಾಂತರಗಳಿಗೂ ಒಂದೇ ರೂಪವನ್ನು ಹಿಗ್ಗಿಸಿ ಕುಗ್ಗಿಸಿ ಬಳಸಿದರೆ ಮೊದಲು ಕೆಡುವುದು ಪಾಠಾಂತರಗಳೇ; ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಒಂದು ಸಣ್ಣ ಸೀಳಿನ ಮೇಲೆ ನಿಂತಿರುವ ಲಿಪಿಯಲ್ಲಿ ತೆಳುಗೆರೆ ಮಾಸಿದರೆ ಪಾಠವೇ ಬದಲಾದೀತು. ಅಕ್ಷರದ ಅಂದವೂ ಪಾಠದ ಶುದ್ಧಿಯೂ ಒಂದೆಡೆ ಸೇರುವುದು ಇಂತಹ ಸಣ್ಣ ಕೆಲಸಗಳಲ್ಲಿ.

ಒಟ್ಟಿನಲ್ಲಿ ಹೊಗಳಿದವರೂ ತೆಗಳಿದವರೂ ಒಂದೊಂದು ಅಂಶವನ್ನು ಮಾತ್ರ ಹಿಡಿದರು. ಕೊರಳಿನ ಹಾರವನ್ನು ಸೊಂಟಕ್ಕೂ ಸೊಂಟದ ಪಟ್ಟಿಯನ್ನು ಕೊರಳಿಗೂ ತೊಟ್ಟರೆ ನಗೆಗೀಡಾಗುವುದೆಂಬ ಔಚಿತ್ಯವಿಚಾರವನ್ನು ಕ್ಷೇಮೇಂದ್ರನು ಕಾವ್ಯಕ್ಕಾಗಿ ಹೇಳಿದನು. ಅದು ಅಚ್ಚಿನ ಮೊಳೆಗೂ ಅಷ್ಟೇ ಸಲ್ಲುತ್ತದೆ. ಶೀರ್ಷಿಕೆಯಲ್ಲಿ ಬೊಡೋನಿಯ ದೊಡ್ಡಕ್ಷರಕ್ಕೆ ಸಮನಾದ ಗಾಂಭೀರ್ಯವನ್ನು ಕೊಡತಕ್ಕ ಅಕ್ಷರಗಳು ವಿರಳ. ಅದೇ ದೊಡ್ಡಕ್ಷರವನ್ನು ಕುಗ್ಗಿಸಿ ಪುಟ ತುಂಬಿದರೆ ಅದಕ್ಕಿಂತ ಓದುಗನನ್ನು ಹಿಂಸಿಸತಕ್ಕವೂ ವಿರಳ. ಈ ಭೇದವನ್ನು ಬೊಡೋನಿಯು ತನ್ನ ಕೈಯಿಂದ ಉಕ್ಕಿನಲ್ಲಿ ಬರೆದಿಟ್ಟು ಹೋಗಿದ್ದಾನೆ. ಆ ಅಚ್ಚುಗಳು ಪಾರ್ಮದ ವಸ್ತುಸಂಗ್ರಹಾಲಯದಲ್ಲಿ ಸಾವಿರಗಟ್ಟಲೆಯಾಗಿ ಉಳಿದಿವೆ. ಅವನ ಅಕ್ಷರದ ವಿಷಯದಲ್ಲಿ ತೀರ್ಪು ಕೊಡಹೊರಡುವವರು ಮೊದಲು ಅವುಗಳ ಸಾಕ್ಷ್ಯವನ್ನು ಕೇಳತಕ್ಕದ್ದು.